ಮನೆಯಲ್ಲಿ ಸದ್ದಿಲ್ಲದೆ ಮೆಟಲ್ ಗಿಟಾರ್: ಕಾಣೆಯಾಗಿರುವುದು ಸ್ಪೀಕರ್

ಓದುಗರ ಪ್ರಶ್ನೆ: ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಮೊದಲ ಮಹಡಿಯಲ್ಲಿ ಇದ್ದೇನೆ. ಕೆಳಗೆ ಓನರ್ ಮನೆ. ನನಗೆ ಬಿಡುವು ಸಿಗುವುದೇ ರಾತ್ರಿ, ಆಗ ಆಂಪ್ ಹಾಕುವ ಹಾಗಿಲ್ಲ. ಹಂಬಕರ್ (ಹಮ್ ತಗ್ಗಿಸುವ ಎರಡು ಸುರುಳಿಯ) ಪಿಕಪ್‌ನ ಗಿಟಾರ್, ಒಂದು ಮೆಟಲ್ ಡಿಸ್ಟಾರ್ಷನ್ ಪೆಡಲ್, ಗಿಟಾರ್ ಸಿಗ್ನಲನ್ನು ಲ್ಯಾಪ್‌ಟಾಪ್‌ಗೆ ಕೊಡುವ ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್, ಲ್ಯಾಪ್‌ಟಾಪ್, ಹೆಡ್‌ಫೋನ್ ಇವೆ. ಪೆಡಲನ್ನು ನೇರ ಇಂಟರ್‌ಫೇಸ್‌ಗೆ ಸಿಕ್ಕಿಸಿ ರೆಕಾರ್ಡ್ ಮಾಡಿದರೆ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಕೇಳಿಸುತ್ತದೆ. ಅದೇ ಪೆಡಲ್ ಗೆಳೆಯನ ಆಂಪ್‌ನಲ್ಲಿ ಚೆನ್ನಾಗಿತ್ತು. ಗೇನ್ (ಡಿಸ್ಟಾರ್ಷನ್ ಹೆಚ್ಚಿಸುವ ಗುಂಡಿ) ಪೂರ್ತಿ ಏರಿಸಿದರೂ ತೂಕ ಬರುತ್ತಿಲ್ಲ. ಬೇರೆ ಪೆಡಲ್ ತಗೋಬೇಕಾ? ಇಲ್ಲ, ಸಣ್ಣ ಟ್ಯೂಬ್ ಆಂಪ್ ತಗೊಂಡು ವಾಲ್ಯೂಮ್ ಕಮ್ಮಿ ಇಟ್ಟು ಮೈಕ್ ಇಡಲಾ?

ಉತ್ತರ: ಎರಡೂ ಬೇಡ. ನಿಮ್ಮ ಪೆಡಲ್ ಚೆನ್ನಾಗಿಯೇ ಇದೆ. ಗೆಳೆಯನ ಆಂಪ್‌ನಲ್ಲಿ ಅದು ಸರಿಯಾಗಿ ಕೇಳಿಸಿತು ಎಂದು ನೀವೇ ಬರೆದಿದ್ದೀರಿ, ಅಲ್ವಾ? ಅಲ್ಲಿ ಇದ್ದು ನಿಮ್ಮಲ್ಲಿ ಇಲ್ಲದ್ದು ಮುಖ್ಯವಾಗಿ ಒಂದೇ: ಗಿಟಾರ್ ಸ್ಪೀಕರ್. ಮೆಟಲ್ ಸದ್ದಿನಲ್ಲಿ ಅದರ ಪಾಲು ಎಷ್ಟು ದೊಡ್ಡದು ಎಂಬುದು ಅದು ಇಲ್ಲದಾಗಲೇ ಗೊತ್ತಾಗುವುದು.

ಗಿಟಾರ್ ಕ್ಯಾಬಿನೆಟ್‌ನಲ್ಲಿ ಕೂರುವ 12 ಇಂಚಿನ ಸ್ಪೀಕರ್ ಹಾಡು ಕೇಳಲು ಮಾಡಿದ್ದಲ್ಲ. ಮೆಟಲ್ ಬ್ಯಾಂಡ್‌ಗಳು ತುಂಬ ಬಳಸುವ ಸೆಲೆಸ್ಟಿಯನ್ ವಿಂಟೇಜ್ 30 ತಗೊಳ್ಳಿ. ಕಂಪನಿ ಕೊಡುವ ಲೆಕ್ಕದ ಪ್ರಕಾರ ಅದು ನುಡಿಸುವುದು 70 ಹರ್ಟ್ಸ್‌ನಿಂದ 5,000 ಹರ್ಟ್ಸ್‌ವರೆಗೆ. ಅದರಾಚೆ ಸದ್ದು ಕಡಿದಾಗಿ ಇಳಿದುಬಿಡುತ್ತದೆ. ನಿಮ್ಮ ಹೆಡ್‌ಫೋನ್ 20,000 ಹರ್ಟ್ಸ್‌ವರೆಗೂ ಎಲ್ಲವನ್ನೂ ಪ್ರಾಮಾಣಿಕವಾಗಿ ಕೇಳಿಸುತ್ತದೆ. ತೊಂದರೆ ಆಗುತ್ತಿರುವುದು ಅಲ್ಲೇ. ಡಿಸ್ಟಾರ್ಷನ್ ಎಂದರೆ ಸಿಗ್ನಲ್‌ನ ಅಲೆಯ ತಲೆ ಕತ್ತರಿಸುವುದು. ಕತ್ತರಿಸಿದ ಕೂಡಲೇ ಗಿಟಾರ್‌ನಲ್ಲಿ ಇಲ್ಲದ ಹೊಸ ಹಾರ್ಮೋನಿಕ್‌ಗಳು (ಮೂಲ ಸ್ವರದ ಮೇಲೆ ಏಳುವ ಸ್ವರಗಳು) ಹುಟ್ಟುತ್ತವೆ, 8,000, 10,000, ಇನ್ನೂ ಮೇಲಕ್ಕೆ. ಗಿಟಾರ್ ಸ್ಪೀಕರ್ ಈ ಕಸವನ್ನು ಹೊರಗೆ ಬಿಡುವುದಿಲ್ಲ. ನಿಮ್ಮ ಕಿವಿಗೆ ಅದಷ್ಟೂ ಬರುತ್ತಿದೆ. ನೀವು ಗೇನ್ ಏರಿಸಿದಷ್ಟೂ ಕಸ ಜಾಸ್ತಿ, ತೂಕ ಅಷ್ಟಕ್ಕಷ್ಟೇ.

ಹಾಗಂತ ಸ್ಪೀಕರ್ ಇಲ್ಲದ ಡಿಸ್ಟಾರ್ಷನ್ ಯಾರಿಗೂ ಬೇಡದ ಸದ್ದು ಎಂದೇನೂ ಅಲ್ಲ. 1968ರಲ್ಲಿ ಬೀಟಲ್ಸ್ ಗಿಟಾರನ್ನು ಆಂಪ್ ಇಲ್ಲದೆ ನೇರ ಮಿಕ್ಸಿಂಗ್ ಡೆಸ್ಕ್‌ಗೆ ಸಿಕ್ಕಿಸಿ, ಡೆಸ್ಕ್‌ನ ಪ್ರೀಆಂಪ್‌ಗಳನ್ನೇ ಓವರ್‌ಲೋಡ್ ಮಾಡಿ ರೆಕಾರ್ಡ್ ಮಾಡಿದ್ದರು. ಅವರಿಗೆ ಆ ಚರಚರ ಸದ್ದೇ ಬೇಕಿತ್ತು. ನಿಮಗೆ ಬೇಕಿರುವುದು ಪಾಮ್ ಮ್ಯೂಟ್ (ಅಂಗೈ ಅಂಚನ್ನು ತಂತಿಗೆ ಒತ್ತಿಟ್ಟು ಮೀಟುವುದು) ಹೊಡೆದರೆ ಎದೆಗೆ ಗುದ್ದುವ ಸದ್ದು. ಅದಕ್ಕೆ ಸ್ಪೀಕರ್ ಮತ್ತೆ ಬರಲೇಬೇಕು. ನಿಜವಾದದ್ದು ಬೇಡ, ಅದರ ಅಚ್ಚು ಸಾಕು.

ಆ ಅಚ್ಚಿನ ಹೆಸರು ಇಂಪಲ್ಸ್ ರೆಸ್ಪಾನ್ಸ್. ಎಲ್ಲರೂ ಐಆರ್ ಅಂತಲೇ ಕರೆಯುತ್ತಾರೆ. ಸ್ಟುಡಿಯೋದಲ್ಲಿ ಒಂದು ಕ್ಯಾಬಿನೆಟ್ ಮುಂದೆ ಮೈಕ್ ಇಟ್ಟು, ಅದರೊಳಗೆ ಗೊತ್ತಿರುವ ಒಂದು ಟೆಸ್ಟ್ ಸದ್ದು ಕಳಿಸಿ, ಹೊರಗೆ ಬಂದದ್ದು ಎಷ್ಟು ಬದಲಾಗಿದೆ ಎಂದು ಲೆಕ್ಕ ಹಾಕಿ ಇಟ್ಟ ಪುಟ್ಟ ವೇವ್ ಫೈಲ್ ಅದು. ಸ್ಪೀಕರ್, ಪೆಟ್ಟಿಗೆ, ಮೈಕ್, ಮೈಕ್ ಇಟ್ಟ ಜಾಗ, ಎಲ್ಲದರ ಗುಣವೂ ಅದರಲ್ಲೇ ಇರುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಓಡುವ ಐಆರ್ ಲೋಡರ್ ಎಂಬ ಪ್ಲಗಿನ್‌ನಲ್ಲಿ ಅದನ್ನು ತೆರೆದರೆ ನಿಮ್ಮ ಸಿಗ್ನಲ್ ಆ ಕ್ಯಾಬಿನೆಟ್ ಮೂಲಕ ಹಾದು ಬಂದಂತೆ ಕೇಳಿಸುತ್ತದೆ.

ಇವತ್ತು ರಾತ್ರಿಯೇ ಒಂದು ಪರೀಕ್ಷೆ ಮಾಡಿ. ಖರ್ಚಿಲ್ಲ. ಇಟಲಿಯ ಇಗ್ನೈಟ್ ಆಂಪ್ಸ್‌ನವರ ನಾಡ್‌ಐಆರ್ ಉಚಿತ ಲೋಡರ್. ಐಆರ್ ಮಾರುವವರಲ್ಲಿ ಹಲವರು ಸ್ಯಾಂಪಲ್ ಫೈಲ್‌ಗಳನ್ನು ಪುಕ್ಕಟೆ ಕೊಡುತ್ತಾರೆ. ನೀವು ಈಗಾಗಲೇ ರೆಕಾರ್ಡ್ ಮಾಡಿಟ್ಟಿರುವ ಆ ದುಂಬಿ ಟ್ರ್ಯಾಕ್ ಮೇಲೆಯೇ ಲೋಡರ್ ಹಾಕಿ, ಒಂದು ವಿಂಟೇಜ್ 30 ಫೈಲ್ ತೆರೆಯಿರಿ. ದುಂಬಿ ಅಲ್ಲೇ ಸುಮ್ಮನಾಗುತ್ತದೆ. ಟೋನ್ ಪೂರ್ತಿ ಸರಿಹೋಗುವುದಿಲ್ಲ, ಆದರೆ ಪೆಡಲ್ ಮೇಲಿನ ನಿಮ್ಮ ಸಿಟ್ಟು ಇಳಿಯುತ್ತದೆ.

ಐಆರ್ ಆರಿಸುವುದರಲ್ಲಿ ಜನ ದಾರಿ ತಪ್ಪುತ್ತಾರೆ. ಐನೂರು ಫೈಲ್ ಇಳಿಸಿಕೊಂಡು ರಾತ್ರಿಯಿಡೀ ಒಂದೊಂದನ್ನೇ ಕ್ಲಿಕ್ ಮಾಡುತ್ತಾ ಕೂತರೆ ಹತ್ತನೆಯದರ ಹೊತ್ತಿಗೆ ಕಿವಿ ಕೈಕೊಡುತ್ತದೆ. ಮೂರೋ ನಾಲ್ಕೋ ಸಾಕು. ಎಲ್ಲವನ್ನೂ ಒಂದೇ ಜೋರಿಗೆ ತಂದು ಹೋಲಿಸಿ, ಯಾಕೆಂದರೆ ತುಸು ಜೋರಾಗಿರುವುದೇ ನಮಗೆ ಚೆಂದ ಅನಿಸಿಬಿಡುತ್ತದೆ. ಫೈಲ್ ಹೆಸರಿನಲ್ಲಿ ಮೈಕ್ ಮತ್ತು ಅದು ಇದ್ದ ಜಾಗ ಸಾಮಾನ್ಯವಾಗಿ ಬರೆದಿರುತ್ತದೆ. ಶೂರ್ ಎಸ್‌ಎಂ57 ಮೈಕ್ ಸ್ಪೀಕರ್‌ನ ನಡು ಗುಬ್ಬಿಗೆ (ಉಬ್ಬಿದ ಮುಚ್ಚಳಕ್ಕೆ) ನೇರ ಇದ್ದರೆ ಸದ್ದು ಚೂಪು, ಅಂಚಿನ ಕಡೆ ಸರಿದಷ್ಟೂ ಮಂದ. ಗುಬ್ಬಿಯೂ ಕೋನ್ ಕಾಗದವೂ ಕೂಡುವ ಗೆರೆಯ ಹತ್ತಿರ ಇಟ್ಟದ್ದರಿಂದ ಶುರು ಮಾಡಿ. ಆಂಪ್ ಬದಲಿಸುವುದಕ್ಕಿಂತ ಐಆರ್ ಬದಲಿಸಿದಾಗ ಆಗುವ ವ್ಯತ್ಯಾಸ ದೊಡ್ಡದು. ನಿಮಗೆ ಗಂಟೆಗಟ್ಟಲೆ ಕಳೆಯಲೇಬೇಕು ಅಂತಿದ್ದರೆ ಇಲ್ಲಿ ಕಳೆಯಿರಿ, ಆಂಪ್‌ನ ಗುಂಡಿಗಳಲ್ಲಲ್ಲ.

ಈಗ ಪೆಡಲ್ ವಿಷಯ. ರೆಕಾರ್ಡಿಂಗ್‌ಗೆ ಅದನ್ನು ಸದ್ಯ ಪಕ್ಕಕ್ಕಿಡಿ ಎನ್ನುತ್ತೇನೆ. ಪೆಡಲ್ ಮೂಲಕ ರೆಕಾರ್ಡ್ ಮಾಡಿದರೆ ಆ ಡಿಸ್ಟಾರ್ಷನ್ ಟ್ರ್ಯಾಕ್‌ನಲ್ಲೇ ಸೇರಿಹೋಗುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಗಿಟಾರನ್ನು ನೇರ ಇಂಟರ್‌ಫೇಸ್‌ಗೆ ಸಿಕ್ಕಿಸಿ, ಬೋಳು ಸಿಗ್ನಲ್ ರೆಕಾರ್ಡ್ ಮಾಡಿ. ಇದನ್ನೇ ಡಿಐ ಅನ್ನುವುದು. ಡಿಸ್ಟಾರ್ಷನ್ ಎಲ್ಲ ಪ್ಲಗಿನ್‌ನಲ್ಲಿ ಆಗಲಿ. ಒಳ್ಳೆಯ ಟೇಕ್ ಒಂದು ಸಿಕ್ಕರೆ ಆರು ತಿಂಗಳು ಬಿಟ್ಟೂ ಅದಕ್ಕೆ ಬೇರೆ ಆಂಪ್ ಹಾಕಬಹುದು.

ಸಿಕ್ಕಿಸುವಾಗ ಇಂಟರ್‌ಫೇಸ್ ಮೇಲಿನ ಇನ್‌ಸ್ಟ್ರುಮೆಂಟ್ ಗುಂಡಿ ಒತ್ತಿರಲಿ. ಕೆಲವದರಲ್ಲಿ ಹೈ-ಜಡ್ ಅಂತ ಇರುತ್ತದೆ, ಕೆಲವದರಲ್ಲಿ ಗಿಟಾರ್ ಚಿತ್ರ ಇರುತ್ತದೆ. ಗಿಟಾರ್ ಪಿಕಪ್‌ಗೆ ಸುಮಾರು 1 ಮೆಗಾಓಮ್ ತಡೆ (ಇಂಪೀಡೆನ್ಸ್) ಇರುವ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್ ಅದರ ಸಣ್ಣ ಪಾಲಿನಷ್ಟೇ ಇರುತ್ತದೆ, ಅಲ್ಲಿಗೆ ಸಿಕ್ಕಿಸಿದರೆ ಟ್ರೆಬಲ್ ಸತ್ತು ಗಿಟಾರ್ ಮಂಕಾಗುತ್ತದೆ. ಆಮೇಲೆ ಎಷ್ಟು ಈಕ್ಯೂ ಮಾಡಿದರೂ (ಬೇಸ್, ಟ್ರೆಬಲ್ ಏರಿಳಿಸಿದರೂ) ಹಳೆಯ ಚುರುಕು ಪೂರ್ತಿ ವಾಪಸ್ ಬರುವುದಿಲ್ಲ. ಲೆವೆಲ್ ಎಷ್ಟಿರಬೇಕು? ನೀವು ಹೊಡೆಯಬಹುದಾದ ಅತಿ ಜೋರಿನ ಪಾಮ್ ಮ್ಯೂಟ್ ಮೈನಸ್ 12 ಡೆಸಿಬೆಲ್ ಹತ್ತಿರ ಮುಟ್ಟಿದರೆ ಸಾಕು. ಕೆಂಪು ದೀಪ ಒಮ್ಮೆಯೂ ಹತ್ತಬಾರದು. ಆಂಪ್ ಪ್ಲಗಿನ್‌ಗಳು ಬರುವ ಸಿಗ್ನಲ್‌ನ ಜೋರಿಗೆ ತಕ್ಕ ಹಾಗೆ ಡಿಸ್ಟಾರ್ಟ್ ಆಗುತ್ತವೆ, ಹಾಗಾಗಿ ಇಲ್ಲಿ ಜಾಸ್ತಿ ಮಾಡಿದ್ದು ಮುಂದೆ ಗೇನ್ ಜಾಸ್ತಿ ಮಾಡಿದ ಹಾಗೆಯೇ ಆಗುತ್ತದೆ. ಇನ್ನೊಂದು ಮಾತು: ಗಿಟಾರನ್ನು ಲ್ಯಾಪ್‌ಟಾಪ್ ದಾಟದೆ ನೇರ ಹೆಡ್‌ಫೋನ್‌ಗೆ ಕಳಿಸುವ, ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಆಫ್ ಮಾಡಿ. ಇಲ್ಲದಿದ್ದರೆ ಡಿಸ್ಟಾರ್ಷನ್ ಜೊತೆ ಬೋಳು ಗಿಟಾರೂ ಕಿವಿಗೆ ಬೀಳುತ್ತಿರುತ್ತದೆ.

ಡೈರೆಕ್ಟ್ ಮಾನಿಟರ್ ತೆಗೆದ ಮೇಲೆ ಹೊಡೆದದ್ದಕ್ಕೂ ಕೇಳುವುದಕ್ಕೂ ನಡುವೆ ತಡ ಅನಿಸಬಹುದು. ವಿಂಡೋಸ್ ಆದರೆ ಇಂಟರ್‌ಫೇಸ್ ಕಂಪನಿಯ ಆಸಿಯೋ ಡ್ರೈವರ್ (ತಡ ಕಡಿಮೆ ಮಾಡುವ ಸಾಫ್ಟ್‌ವೇರ್) ಹಾಕಿ, ಬಫರನ್ನು 128 ಸ್ಯಾಂಪಲ್‌ಗೆ ಇಳಿಸಿ. 48 ಕಿಲೋಹರ್ಟ್ಸ್‌ನಲ್ಲಿ ಅದು ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್. ಹೋಗಿ ಬರುವುದು, ಡ್ರೈವರ್‌ನ ತಡ ಎಲ್ಲ ಸೇರಿ ಹತ್ತರ ಒಳಗೆ ಇದ್ದರೆ ಚಿಂತೆ ಬೇಡ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗುತ್ತದೆ. ಸ್ಟೇಜ್ ಮೇಲೆ ಆಂಪ್‌ನಿಂದ ಮೂರು ಮೀಟರ್ ದೂರ ನಿಂತವನಿಗೂ ಸುಮಾರು 9 ಮಿಲಿಸೆಕೆಂಡ್ ತಡ ಇದ್ದೇ ಇರುತ್ತದೆ, ಅವನು ದೂರುವುದಿಲ್ಲ.

ಪ್ಲಗಿನ್‌ಗಳ ಸಾಲು ಹೀಗಿರಲಿ: ಮೊದಲು ನುಡಿಸದಿರುವಾಗ ಸದ್ದು ಮುಚ್ಚುವ ನಾಯ್ಸ್ ಗೇಟ್, ಆಮೇಲೆ ಟ್ಯೂಬ್ ಸ್ಕ್ರೀಮರ್ ಎಂಬ ಪೆಡಲ್ ಮಾದರಿಯ ಓವರ್‌ಡ್ರೈವ್, ಆಮೇಲೆ ಆಂಪ್, ಆಮೇಲೆ ಐಆರ್, ಕೊನೆಗೆ ಈಕ್ಯೂ. ಇಗ್ನೈಟ್‌ನವರದ್ದೇ ಟಿಎಸ್-999 ಮತ್ತು ಎಮಿಸರಿ ಆಂಪ್ ಎರಡೂ ಉಚಿತ. ಸ್ಟೀವನ್ ಆಟ್ಕಿನ್ಸನ್ ಮಾಡಿರುವ ನ್ಯೂರಲ್ ಆಂಪ್ ಮಾಡೆಲರ್ ಕೂಡ ಉಚಿತ, ಓಪನ್ ಸೋರ್ಸ್. ಅದರಲ್ಲಿ ಜನ ತಮ್ಮ ನಿಜವಾದ ಆಂಪ್‌ಗಳ ನಡತೆಯನ್ನು ಹಿಡಿದು ಫೈಲ್ ಮಾಡಿ ಹಂಚಿಕೊಳ್ಳುತ್ತಾರೆ. ಪೀವಿ 5150, ಮೆಸಾ ರೆಕ್ಟಿಫೈಯರ್ ಯಾವುದು ಬೇಕೋ ಅದು. ಹುಷಾರಾಗಿರಬೇಕಾದದ್ದು ಒಂದೇ ಕಡೆ. ಕೆಲವು ಫೈಲ್‌ಗಳಲ್ಲಿ ಆಂಪ್ ಮಾತ್ರ ಇರುತ್ತದೆ, ಕೆಲವದರಲ್ಲಿ ಕ್ಯಾಬಿನೆಟ್ಟೂ ಸೇರಿರುತ್ತದೆ. ಕ್ಯಾಬಿನೆಟ್ ಸೇರಿರುವುದರ ಮುಂದೆ ಮತ್ತೆ ಐಆರ್ ಹಾಕಿದರೆ ಎರಡೆರಡು ಸ್ಪೀಕರ್ ಆಗಿ ಎಲ್ಲ ಮಂಕು. ಟೋನ್ ಉಸಿರುಗಟ್ಟಿದ ಹಾಗೆ ಕೇಳಿಸಿದರೆ ಮೊದಲು ಇದನ್ನು ನೋಡಿ.

ಓವರ್‌ಡ್ರೈವ್ ಯಾಕೆ, ಆಂಪ್‌ನಲ್ಲೇ ಗೇನ್ ಇದೆಯಲ್ಲ ಅಂತ ಕೇಳಬಹುದು. ಅದು ಅಲ್ಲಿರುವುದು ಗೇನ್‌ಗಲ್ಲ. ಟ್ಯೂಬ್ ಸ್ಕ್ರೀಮರ್ ಸರ್ಕ್ಯೂಟ್‌ನ ಕ್ಲಿಪ್ಪಿಂಗ್ (ಅಲೆಯ ತಲೆ ಕತ್ತರಿಸುವ) ಹಂತದಲ್ಲಿ ಸುಮಾರು 720 ಹರ್ಟ್ಸ್‌ನಿಂದ ಕೆಳಗೆ ಹೋದಷ್ಟೂ ಗೇನ್ ಕಡಿಮೆ ಆಗುತ್ತದೆ. ಅಂದರೆ ಆಂಪ್ ಒಳಗೆ ಹೋಗುವ ಮೊದಲೇ ಬೇಸ್ ತೆಳ್ಳಗಾಗಿರುತ್ತದೆ. ಜಾಸ್ತಿ ಬೇಸ್ ಇಟ್ಟುಕೊಂಡು ಡಿಸ್ಟಾರ್ಟ್ ಮಾಡಿದರೆ ಪಾಮ್ ಮ್ಯೂಟ್ ಬುರಬುರ ಅನ್ನುತ್ತದೆ, ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳುವುದಿಲ್ಲ. ಆದ್ದರಿಂದ ಡ್ರೈವ್ ಸೊನ್ನೆ, ಟೋನ್ ನಡುವೆ, ಲೆವೆಲ್ ಪೂರ್ತಿಗೆ ಹತ್ತಿರ. ಬೇಸ್ ಕಳೆದು ಬಿಗಿ ಗಳಿಸುವುದು ಅಂತ ಅಂದುಕೊಳ್ಳಿ. ಆಂಪ್‌ನಲ್ಲಿ ಗೇನ್ 4, ಬೇಸ್ 4, ಮಿಡ್ 6, ಟ್ರೆಬಲ್ 5, ಪ್ರೆಸೆನ್ಸ್ 5 ಇಟ್ಟು ಶುರು ಮಾಡಿ.

ಗೇನ್ 4 ಅಂದ ಕೂಡಲೇ ನಿಮ್ಮ ಮುಖ ಸಣ್ಣದಾಗಿರಬೇಕು. ಒಬ್ಬರೇ ಕೋಣೆಯಲ್ಲಿ ನುಡಿಸುವಾಗ ಅದು ಸಪ್ಪೆ ಅನಿಸುತ್ತದೆ ನಿಜ. ಆದರೆ ಹಾಡಿನಲ್ಲಿ ಇರುವುದು ಒಂದು ಗಿಟಾರ್ ಅಲ್ಲ. ಒಂದೇ ರಿಫ್ಫನ್ನು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಎರಡು ಸಲ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕುತ್ತಾರೆ. ಎರಡೂ ಸೇರಿದಾಗ ಡಿಸ್ಟಾರ್ಷನ್ ಕೂಡ ಕೂಡಿಕೊಳ್ಳುತ್ತದೆ. ಎರಡು ಸಲ ಅಂದರೆ ನಿಜವಾಗಿಯೂ ಎರಡು ಸಲ. ಒಂದೇ ಟೇಕನ್ನು ಕಾಪಿ ಮಾಡಿ ಆಚೆ ಈಚೆ ಹಾಕಿದರೆ ಅದು ಅಗಲ ಆಗುವುದಿಲ್ಲ, ನಡುವೆಯೇ ನಿಲ್ಲುತ್ತದೆ. ಸ್ವಲ್ಪ ಸರಿಸಿ ಹಾಕಿದರೆ ಅಗಲ ಅನಿಸುತ್ತದೆ, ಆದರೆ ಫೋನ್‌ನ ಒಂದೇ ಸ್ಪೀಕರ್‌ನಲ್ಲಿ ಕೇಳಿದಾಗ ಎರಡೂ ಒಂದನ್ನೊಂದು ತಿಂದು ಗಿಟಾರ್ ಟೊಳ್ಳಾಗುತ್ತದೆ. ನಿಮ್ಮ ಕೈ ಎರಡನೇ ಸಲ ಮಾಡುವ ಕೂದಲೆಳೆಯಷ್ಟು ವ್ಯತ್ಯಾಸವೇ ಆ ಅಗಲ. ಹೊಡೆತಗಳು ಮಾತ್ರ ಕೂಡಿಯೇ ಬೀಳಬೇಕು. ಸ್ಟುಡಿಯೋದವರ ಮೆಟಲ್ ಟೋನ್ ಅಂತ ನಾವು ಮೆಚ್ಚುವುದರಲ್ಲಿ ಬಹುಪಾಲು ಈ ಬಿಗಿಯೇ. ಪ್ಲಗಿನ್‌ನಲ್ಲಿ ಅದು ಸಿಗುವುದಿಲ್ಲ.

ಗೇನ್ ಸರಿಯಿದೆಯೇ ಎಂದು ನೋಡಲು ರಿಫ್ಫಿನ ನಡುವೆ ಒಂದು ಮೈನರ್ ಕಾರ್ಡ್ ಹಿಡಿಯಿರಿ. ಅದರ ಸ್ವರಗಳು ಬೇರೆಬೇರೆಯಾಗಿ ಕೇಳಿಸುವವರೆಗೆ ಗೇನ್ ಇಳಿಸುತ್ತಾ ಬನ್ನಿ. ಅಲ್ಲಿ ನಿಲ್ಲಿಸಿ.

ರಾತ್ರಿ ನುಡಿಸುವವರಿಗೆ ಮಾತ್ರ ಬರುವ ಒಂದು ಕಾಯಿಲೆ ಇದೆ. ಎಲ್ಲರೂ ಮಲಗಿದ್ದಾರೆ ಎಂದು ಕೈ ತಾನಾಗಿ ಮೆತ್ತಗಾಗುತ್ತದೆ. ಹೆಡ್‌ಫೋನ್‌ನಲ್ಲಿ ಸದ್ದು ದೊಡ್ಡದಾಗಿರುವುದರಿಂದ ನಿಮಗೆ ಗೊತ್ತೂ ಆಗುವುದಿಲ್ಲ. ಮೆತ್ತಗೆ ಮೀಟಿದ ತಂತಿಗೆ ಎಂಥ ಆಂಪ್ ಹಾಕಿದರೂ ಪಾಮ್ ಮ್ಯೂಟ್ ಗುದ್ದುವುದಿಲ್ಲ. ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ ಪಿಕ್ ಹಿಡಿದು, ತಂತಿಗೆ ನಿಜವಾಗಿ ಹೊಡೆಯಿರಿ. ಪ್ಲಗ್ ಮಾಡದ ಘನ ಮರದ ಗಿಟಾರ್ ಎಷ್ಟು ಜೋರಾಗಿ ಮೀಟಿದರೂ ಪಕ್ಕದ ಕೋಣೆಗೆ ಕೇಳುವುದು ಕಷ್ಟ. ಕೆಳಗಿನ ಓನರ್‌ಗೆ ಕೇಳುವುದು ಗಿಟಾರ್ ಅಲ್ಲ, ತಾಳಕ್ಕೆ ನೆಲ ಕುಟ್ಟುವ ನಿಮ್ಮ ಕಾಲು. ಒಂದು ದಪ್ಪ ಮ್ಯಾಟ್ ಹಾಕಿಕೊಳ್ಳಿ.

ತಂತಿಯೂ ಹೊಸದಿರಲಿ. ಹಳೆಯ ತಂತಿಯಲ್ಲಿ ಮೇಲಿನ ಹಾರ್ಮೋನಿಕ್‌ಗಳು ಸತ್ತಿರುತ್ತವೆ, ಬೆವರಿಗಂತೂ ತುಕ್ಕು ಬೇಗ. ಎಲ್ಲ ತಂತಿ ಇಳಿಸಿ ದಪ್ಪದ್ದನ್ನು ಸಿ ಸ್ವರಕ್ಕೆ ತರುವ ಡ್ರಾಪ್ ಸಿ ಟ್ಯೂನಿಂಗ್‌ಗೆ 10-46 ಸೆಟ್ (ತೆಳು, ದಪ್ಪ ತಂತಿಗಳ ಗಾತ್ರ, ಇಂಚಿನ ಸಾವಿರದ ಲೆಕ್ಕದಲ್ಲಿ) ಸಡಿಲ ಆಗುತ್ತದೆ, 11-54 ಹಾಕಿ. ಸಡಿಲ ತಂತಿ ಜೋರಾಗಿ ಹೊಡೆದ ಕ್ಷಣ ಶ್ರುತಿ ಮೇಲಕ್ಕೆ ಹಾರುತ್ತದೆ, ಡಬಲ್ ಟ್ರ್ಯಾಕ್‌ನಲ್ಲಿ ಅದು ಕೂಡಲೇ ಬಯಲಾಗುತ್ತದೆ.

ಹಮ್ ಬಗ್ಗೆ ನೀವು ಕೇಳಿಲ್ಲ, ಆದರೆ ನಮ್ಮ ಮನೆಗಳಲ್ಲಿ ಅದು ಬರದೆ ಇರುವುದಿಲ್ಲ. ಹಂಬಕರ್ ಇರುವುದರಿಂದ 50 ಹರ್ಟ್ಸ್ ಹಮ್ ಅರ್ಧಕ್ಕರ್ಧ ತಪ್ಪಿದೆ. ಉಳಿಯುವುದು ಜುಂಯ್ ಅನ್ನುವ ಬಝ್. ಮೊದಲು ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ನಿಂತರೆ ಕಳ್ಳ ಅದೇ. ಆಮೇಲೆ ಸೀಲಿಂಗ್ ಫ್ಯಾನ್. ಕೆಲವು ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳು ನಡುವಿನ ಸ್ಪೀಡ್‌ನಲ್ಲಿ ಇದ್ದಾಗ ಕರೆಂಟಿನ ಅಲೆಯನ್ನು ಕತ್ತರಿಸುತ್ತವೆ, ಆ ಬಝ್ ಪಿಕಪ್‌ಗೆ ಬರುತ್ತದೆ. ಟೇಕ್ ಮುಗಿಯುವವರೆಗೆ ಫ್ಯಾನ್ ಪೂರ್ತಿ ಸ್ಪೀಡ್‌ಗೆ ಹಾಕಿ ಅಥವಾ ಆಫ್ ಮಾಡಿ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮನೆ ನಡೆಯುತ್ತಿದ್ದರೆ ಆ ಹೊತ್ತು ರೆಕಾರ್ಡ್ ಮಾಡುವುದೇ ಬೇಡ. ಕೂತಲ್ಲೇ ಸ್ವಲ್ಪ ತಿರುಗಿ ನೋಡಿ, ಯಾವುದೋ ಒಂದು ದಿಕ್ಕಿಗೆ ಬಝ್ ತಗ್ಗುತ್ತದೆ. ಬಝ್ ಹೋಗಲಿ ಅಂತ ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾವತ್ತೂ ಮುರಿಯಬೇಡಿ. ಗಿಟಾರ್ ತಂತಿ ಮುಟ್ಟಿಕೊಂಡು ಕೂತಿರುವವರು ನೀವು. ಇಷ್ಟಾದ ಮೇಲೂ ಉಳಿಯುವ ಚೂರನ್ನು ಗೇಟ್ ನೋಡಿಕೊಳ್ಳುತ್ತದೆ. ಗೇಟನ್ನು ತೀರಾ ಬಿಗಿ ಮಾಡಿದರೆ ಎಳೆದ ಸ್ವರದ ಬಾಲ ಕತ್ತರಿಸಿಹೋಗುತ್ತದೆ.

ಇನ್ನು ಈಕ್ಯೂ. ಐಆರ್ ಆದ ಮೇಲೆ 80ರಿಂದ 100 ಹರ್ಟ್ಸ್ ನಡುವೆ ಹೈ-ಪಾಸ್ (ಅದರ ಕೆಳಗಿನದ್ದನ್ನು ಕತ್ತರಿಸುವುದು), 8,000ದಿಂದ 10,000 ನಡುವೆ ಲೋ-ಪಾಸ್ (ಅದರ ಮೇಲಿನದ್ದನ್ನು ಕತ್ತರಿಸುವುದು). ಡ್ರಾಪ್ ಸಿಯಲ್ಲಿ ದಪ್ಪ ತಂತಿಯ ಮೂಲ ಸ್ವರವೇ 65 ಹರ್ಟ್ಸ್, ಅದನ್ನೇ ಕತ್ತರಿಸಿದರೆ ಹೇಗೆ ಅನಿಸಬಹುದು. ಆ ಜಾಗ ಬೇಸ್ ಗಿಟಾರ್‌ನದ್ದು. ಮೇಲಿನ ಹಾರ್ಮೋನಿಕ್‌ಗಳು ಇದ್ದರೆ ಕಿವಿ ಮೂಲ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. 3,500ರಿಂದ 4,500 ಹರ್ಟ್ಸ್ ಸುತ್ತ ಒಂದು ತೆಳು ಶಿಳ್ಳೆ ಸಿಗಬಹುದು. ಈಕ್ಯೂನ ಒಂದು ಚೂಪು ಬ್ಯಾಂಡನ್ನು ಏರಿಸಿ ಆಚೀಚೆ ಓಡಿಸಿ, ಕಿವಿ ಚುಚ್ಚಿದ ಕಡೆ ಮೂರು ನಾಲ್ಕು ಡೆಸಿಬೆಲ್ ಇಳಿಸಿ. ಅದರಾಚೆ ಕೈ ಹಾಕಬೇಡಿ. ಏಳೆಂಟು ಕಡೆ ಕತ್ತರಿಸಬೇಕು ಅನಿಸಿದರೆ ನೀವು ಆರಿಸಿದ ಐಆರ್ ಸರಿಯಿಲ್ಲ ಅಂತ ಅರ್ಥ.

ಮಿಡ್ ಪೂರ್ತಿ ತೆಗೆದು ಬೇಸ್, ಟ್ರೆಬಲ್ ಏರಿಸುವ ಆಸೆ ಎಲ್ಲರಿಗೂ ಇರುತ್ತದೆ. ಒಬ್ಬರೇ ಇದ್ದಾಗ ಭಾರೀ ಅನಿಸುತ್ತದೆ. ಡ್ರಮ್ ಮತ್ತು ಬೇಸ್ ಬಂದ ಕೂಡಲೇ ಗಿಟಾರ್ ನಾಪತ್ತೆ, ಯಾಕೆಂದರೆ ಕೆಳಗೆ ಕಿಕ್ ಡ್ರಮ್, ಮೇಲೆ ಸಿಂಬಲ್ ಆಗಲೇ ಜಾಗ ಹಿಡಿದಿವೆ. ಗಿಟಾರ್‌ಗೆ ಉಳಿದಿರುವ ಮನೆ ಮಿಡ್ ಒಂದೇ.

ನೀವು ಹುಡುಕುತ್ತಿರುವ ತೂಕದಲ್ಲಿ ಬಹಳಷ್ಟು ಬೇಸ್ ಗಿಟಾರ್‌ನದ್ದೇ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದ್ದನ್ನು ಕೇಳಿದವರಿಗೆ ಎದೆ ನಡುಗಿದ ನೆನಪಿರುತ್ತದೆ. ಆ ನಡುಕ ಸಬ್‌ವೂಫರ್‌ಗಳಲ್ಲಿ ಬಂದ ಕಿಕ್ ಮತ್ತು ಬೇಸ್. ಜೊತೆಗೆ, ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ರಾತ್ರಿ ಸಣ್ಣ ವಾಲ್ಯೂಮ್‌ನಲ್ಲಿ ತೆಳು ಅನಿಸಿತು ಅಂತ ಗಿಟಾರ್‌ಗೆ ಬೇಸ್ ಸುರಿದರೆ ಬೆಳಿಗ್ಗೆ ಅದು ಕೆಸರಾಗಿರುತ್ತದೆ. ಮೆಚ್ಚಿನ ಬ್ಯಾಂಡಿನ ಒಂದು ಹಾಡನ್ನು ಅದೇ ಪ್ರಾಜೆಕ್ಟ್‌ಗೆ ತಂದು, ನಿಮ್ಮ ಮಿಕ್ಸ್‌ನಷ್ಟೇ ಜೋರಿಗೆ ಇಳಿಸಿ, ಪಕ್ಕಪಕ್ಕ ಕೇಳಿ. ಅಲ್ಲಿನ ಗಿಟಾರ್ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿದೆ ಅಂತ ತಿಳಿಯುತ್ತದೆ. ಬೇಸ್ ಗಿಟಾರ್ ಇಲ್ಲದಿದ್ದರೆ ಅದೇ ರಿಫ್ಫನ್ನು ಗಿಟಾರ್‌ನಲ್ಲಿ ಕ್ಲೀನ್ ಆಗಿ ನುಡಿಸಿ, ಪಿಚ್ ಒಂದು ಆಕ್ಟೇವ್ ಇಳಿಸಿ, ನಡುವೆ ಇಡಿ. ಡೆಮೊಗೆ ಧಾರಾಳ ಸಾಕು.

ಸಣ್ಣ ಟ್ಯೂಬ್ ಆಂಪ್ ಬೇಡ ಅಂದೆ, ಕಾರಣ ಹೇಳುತ್ತೇನೆ. ವಿಂಟೇಜ್ 30ಗೆ ಬರೀ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್. ನೂರರಲ್ಲಿ ಒಂದು ವ್ಯಾಟ್ ಕೊಟ್ಟರೂ 80. ಒಂದು ವ್ಯಾಟಿನ ಆಂಪನ್ನು ಅದಕ್ಕೆ ಹಿತವಾಗುವಷ್ಟು ತಿರುಗಿಸಿದರೆ ಓನರ್ ಮಾತ್ರವಲ್ಲ, ಇಡೀ ಬೀದಿ ಏಳುತ್ತದೆ. ತೀರಾ ಸಣ್ಣಗೆ ಇಟ್ಟರೆ ಸ್ಪೀಕರ್ ಮೈ ಚಳಿ ಬಿಡುವುದಿಲ್ಲ, ಮೈಕ್‌ಗೆ ಫ್ಯಾನ್ ಸದ್ದೂ ಬೀಳುತ್ತದೆ. ಸ್ಪೀಕರ್ ಬದಲು ಆಂಪ್‌ನ ಶಕ್ತಿಯನ್ನು ಸದ್ದಿಲ್ಲದೆ ಹೀರುವ ಲೋಡ್ ಬಾಕ್ಸ್ ಹಾಕಿ ಅದರ ಲೈನ್ ಔಟ್‌ನಿಂದ ರೆಕಾರ್ಡ್ ಮಾಡಬಹುದು, ಆದರೆ ಅಲ್ಲೂ ಕೊನೆಗೆ ಬೇಕಾಗುವುದು ಐಆರ್. ಲೋಡ್ ಬಾಕ್ಸೂ ಇಲ್ಲದೆ ಸ್ಪೀಕರ್ ವೈರ್ ತೆಗೆದು ಟ್ಯೂಬ್ ಆಂಪ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ನಿಜವಾದ ಆಂಪ್ ಇಲ್ಲದೆ ಮೆಟಲ್ ಆಗುತ್ತದಾ ಎಂಬ ಅನುಮಾನ ಇಟ್ಟುಕೊಳ್ಳಬೇಡಿ. ಸ್ವೀಡನ್‌ನ ಮೆಟಲ್ ಬ್ಯಾಂಡ್ ಮೆಶುಗಾ 2005ರಲ್ಲಿ ತಂದ ಆಲ್ಬಮ್‌ನಲ್ಲಿ ಲೈನ್ 6 ಕಂಪನಿಯ ವೆಟ್ಟಾ ಎಂಬ, ಆಂಪ್‌ಗಳನ್ನು ಅನುಕರಿಸುವ ಡಿಜಿಟಲ್ ಮಾಡೆಲರ್ ಬಳಸಿತ್ತು. ಈಗ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಉಚಿತವಾಗಿ ಓಡುವ ಪ್ಲಗಿನ್‌ಗಳು ಅದಕ್ಕಿಂತ ಬಹಳ ಮುಂದೆ ಬಂದಿವೆ.

ಆಂಪ್‌ಗೆ ಅಂತ ತೆಗೆದಿಟ್ಟ ದುಡ್ಡು ಇದ್ದರೆ ಮೊದಲು ಎರಡು ಸೆಟ್ ತಂತಿ ತಗೊಳ್ಳಿ, ಗಿಟಾರನ್ನು ಬಲ್ಲವರ ಕೈಗೆ ಕೊಟ್ಟು ಇಂಟೊನೇಷನ್ (ಕುತ್ತಿಗೆಯುದ್ದಕ್ಕೂ ಶ್ರುತಿ ಸರಿಬರುವುದು) ಸರಿ ಮಾಡಿಸಿ. ಮಿಕ್ಕಿದ್ದರಲ್ಲಿ ಮಿಕ್ಸಿಂಗ್‌ಗೆ ಆಗುವ ಹೆಡ್‌ಫೋನ್ ನೋಡಿ, ಬೇಸ್ ಉಬ್ಬಿಸಿ ಕೇಳಿಸುವಂಥದ್ದು ಬೇಡ. ಪೆಡಲ್ ಮಾರಬೇಡಿ, ಗೆಳೆಯನ ಆಂಪ್ ಇದೆಯಲ್ಲ.